ಮಗ್ಗದ ಕಾಲಿನ ಡ್ರೈವರು

ಹಿತ್ತಿಲ ಬಾಗಿಲಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದೆ. ನೆನೆಹಾಕಿದ ಕಾಳು ಚೆನ್ನಾಗಿ ಉಬ್ಬಿತ್ತು. ಹೆಬ್ಬೆರಳು ಒತ್ತಿದರೆ ಸಾಕು, ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು. ಹನೂರಿನ ಬೆಳಗಿನ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ನಿಂತ ಸದ್ದು ಕೇಳಿಸಿತು. ಅದು ಅಲ್ಲಿ ನಿಲ್ಲುವ ಬಸ್ಸಲ್ಲ. ಕಂಡಕ್ಟರು ಟೋಪಿ ಕೈಯಲ್ಲಿ ಹಿಡಿದುಕೊಂಡು ನಮ್ಮ ನಡುಮನೆ ದಾಟಿ ಹಿತ್ತಿಲವರೆಗೂ ಬಂದು ನಿಂತ. ಎದುರು ಮನೆಯಲ್ಲಿ ಅಕ್ಕನಿದ್ದಳು. ಅವಳಿಗೆ ಹೇಳುವ ಧೈರ್ಯವಿಲ್ಲದೆ ನನ್ನ ಬಳಿ ಬಂದಿದ್ದ.

"ಅವ್ವಾ, ನಿಮ್ ಭಾವ್ನೋರು ಓಗ್ಬುಟ್ರು ಕಣವ್ವ, ಅನೂರಲ್ಲಿ. ಜ್ವರ ಬಂದಿತ್ತಂತೆ. ಕಾಮಗೆರೆ ಆಸ್ಪತ್ರೆಗೆ ಕರ್ಕಂಡೋಗನ ಅಂತ ಗಾಡಿ ಕಟ್ಟಿದ್ರು. ಗಾಡಿ ಅತ್ತಾಕ್ ಮುಂಚೇನೆಯ..."

ಅಳು ಬರಲಿಲ್ಲ. ದೇವರು ಕ್ಷಮಿಸಲಿ, ಮೊದಲು ಬಂದದ್ದು ಸಿಟ್ಟು. ಬರುವ ಸೋಮವಾರ ಅವರ ಟೆಸ್ಟ್ ಇತ್ತು. ನಮ್ಮ ಜಿಲ್ಲೆಯ ಕಚೇರಿ ಆಗ ಮದರಾಸು ಸೀಮೆಯ ಕೊಯಮತ್ತೂರಿನಲ್ಲಿತ್ತು; ಅಲ್ಲಿಂದ ಬ್ರೇಕ್ ಇನ್ಸ್‌ಪೆಕ್ಟರು ಕೊಳ್ಳೇಗಾಲಕ್ಕೆ ಬರುವವರಿದ್ದರು. ಮೋಟಾರು ಓಡಿಸುವವರನ್ನು ಪರೀಕ್ಷೆ ಮಾಡಿ ಲೈಸೆನ್ಸು ಕೊಡುವ ಅಧಿಕಾರಿಗೆ ನಮ್ಮ ಕಡೆ ಅದೇ ಹೆಸರು. ಆ ಮನುಷ್ಯ ಬರುತ್ತಾನೆಂದು ಎಷ್ಟು ವರ್ಷ ಕಾದದ್ದು, ಎಷ್ಟು ಸಲ ಅವನು ಬಾರದೆ ಹೋದದ್ದು! ಕಡೆಗೊಮ್ಮೆ ಬರುತ್ತಾನೆ ಎಂದಾಗ ಇವರು ಹೊರಟುಬಿಟ್ಟರು. ಇನ್ನೊಂದು ವಾರ ಕೊಟ್ಟಿದ್ದರೆ ಮಾದಪ್ಪನ ಗಂಟೇನು ಹೋಗುತ್ತಿತ್ತು ಎಂದು ಬಾಯಿಗೆ ಬಂತು. ಕೆನ್ನೆ ತಟ್ಟಿಕೊಂಡು ನುಂಗಿಕೊಂಡೆ.

ಭಾವನ ಹೆಸರನ್ನು ನಾನು ಎಂದೂ ಬಾಯಲ್ಲಿ ಹೇಳಿದವಳಲ್ಲ, ಇಲ್ಲೂ ಬೇಡ. ಊರಿನವರು ಅವರನ್ನು ಸಿಲೋನ್ ಡ್ರೈವರು ಎನ್ನುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ನಗು. ಬೀದಿಯಲ್ಲಿ ನಡೆಯುವಾಗಲೂ ಅವರು ಎಡಗಡೆಯೇ ನಡೆಯುವರು. ನಮ್ಮ ಓಣಿಗೆ ತಿರುಗುವ ಮುಂಚೆ ಬಲಗೈ ಚಾಚಿ, ಹಿಂದೆ ತಿರುಗಿ ನೋಡಿ, ಆಮೇಲೆ ತಿರುಗುವರು. ಹಿಂದೆ ಯಾರದಾದರೂ ಎಮ್ಮೆ ಬರುತ್ತಿದ್ದರೆ ಹೆಚ್ಚು.

"ಯಾರ್ಗ್ ಕೈ ತೋರ್ಸ್ತೀರಿ ಭಾವ, ಎಮ್ಮೆಗಾ?" ಎಂದು ನಾನು ಜಗಲಿಯಿಂದ ಕೇಳಿದರೆ, "ಎಮ್ಮೆನೂ ರಸ್ತೆ ಮ್ಯಾಲೆ ತಾನೆ ಅಮ್ಮಿ ಬರೋದು" ಎನ್ನುವರು. ಮುಖದಲ್ಲಿ ಒಂದಿಷ್ಟೂ ನಗು ಇರುತ್ತಿರಲಿಲ್ಲ.

ಅಕ್ಕನನ್ನು ಕೊಟ್ಟ ಬೀದಿಗೇ ನನ್ನನ್ನೂ ಕೊಟ್ಟರು. ಅದೊಂದು ದೇವರ ದಯೆ. ಬೀದಿಯೆಲ್ಲ ರೇಷ್ಮೆ ನೇಯುವವರೇ. ನಡುಮನೆಯಲ್ಲಿ ಗುಂಡಿ, ಗುಂಡಿಯ ಅಂಚಿನಲ್ಲಿ ಕೂತು ಕಾಲು ಕೆಳಗೆ ಇಳಿಬಿಟ್ಟು ನೇಯಬೇಕು. ಗುಂಡಿಯೊಳಗೆ ಎರಡು ಹಲಗೆಗಳು. ಬಲಗಾಲು ಒತ್ತಿದರೆ ಎಡಗಾಲು ಮೇಲೆ ಬರಬೇಕು, ಎಡಗಾಲು ಒತ್ತಿದರೆ ಬಲಗಾಲು ಮೇಲೆ. ಎಳೆಗಳು ಮೇಲೆ ಕೆಳಗೆ ಬಾಯಿ ಬಿಟ್ಟಾಗ ನಡುವೆ ಲಾಳಿ ಓಡುತ್ತದೆ. ಹುಟ್ಟಿದ ಗಂಡುಮಕ್ಕಳಿಗೆ ನಡಿಗೆ ಬಂದ ಮೇಲೆ ಬರುವ ಮೊದಲ ವಿದ್ಯೆ ಇದೇ. ಭಾವ ಅದರಲ್ಲಿ ಗಟ್ಟಿಗರು. ಅವರ ಕಾಲಿನ ಸದ್ದು ಕೇಳಿಯೇ ಮದುವೆ ಸೀರೆಯೋ ದಿನದ ಸೀರೆಯೋ ಎಂದು ಹೇಳಬಹುದಾಗಿತ್ತು.

ಆದರೆ ಮನಸ್ಸು ಮಗ್ಗದಲ್ಲಿರಲಿಲ್ಲ. ಕೊಯಮತ್ತೂರು ಕಡೆಯಿಂದ ಬಸ್ಸು ಬಂದರೆ ಲಾಳಿ ಬಿಟ್ಟು ಎದ್ದು ಓಡುವರು. ಒಂದು ದಿನ ಅವರಪ್ಪನಿಗೆ ಹೇಳಿದರು: "ಇಲ್ಲಿ ದಿನವೆಲ್ಲಾ ಕಾಲಾಡ್ಸುದ್ರೂ ಕೂತ್ ಜಾಗ್ದಲ್ಲೇ ಇರ್ತೀವಲ್ಲಪ್ಪ. ಅಲ್ಲಿ ಅಷ್ಟೇ ಕಾಲಾಡ್ಸುದ್ರೆ ಕೊಯಮತ್ತೂರು ಬತ್ತದೆ."

ಅವರಪ್ಪ, "ಕೊಯಮತ್ತೂರಿಗೋಗಿ ಏನ್ಲಾ ಮಾಡೀಯೆ?" ಎಂದರು.

"ವಾಪಸ್ ಬತ್ತೀನಿ" ಎಂದರು ಭಾವ.

ಇದು ಯುದ್ಧಕ್ಕೆ ಮುಂಚಿನ ಮಾತು. ಕ್ಯಾಂಡಿಯಲ್ಲಿ ಬಟ್ಟೆ ಅಂಗಡಿಯಿದ್ದ ತಮಿಳು ಮುದಲಾಳಿಯೊಬ್ಬ, ಅಂದರೆ ಧಣಿ, ಸೀರೆ ಕೊಳ್ಳಲು ಕೊಳ್ಳೇಗಾಲಕ್ಕೆ ಬರುತ್ತಿದ್ದ. ರೇಷ್ಮೆ ಬಲ್ಲವನೊಬ್ಬ ಅಂಗಡಿಗೆ ಬೇಕು ಎಂದ. ಅವನ ಹತ್ತಿರ ಟೀ ತೋಟಗಳಿಗೆ ಬಟ್ಟೆ ಒಯ್ಯುವ ವ್ಯಾನು ಇದೆಯೆಂದು ಕೇಳಿದ್ದೇ ಭಾವ ಗಂಟು ಕಟ್ಟಿದರು. ತಮಿಳು ನಮ್ಮ ಕಡೆಯವರಿಗೆ ಹೊಸದಲ್ಲ, ಆ ತೊಂದರೆ ಇರಲಿಲ್ಲ. ಹೊರಡುವಾಗ ಅಕ್ಕನಿಗೆ, "ಲೈಸೆನ್ಸ್ ತಕಂಡೇ ಬತ್ತೀನಿ. ಆಮ್ಯಾಕೆ ಈ ಗುಂಡಿಗಿಳಿಯಕ್ಕಿಲ್ಲ" ಎಂದು ಹೇಳಿ ಹೋದರು. ಅಕ್ಕ ಆಗ ಬಸುರಿ. ಯಾರಾದರೂ ಹಾಗೆ ಬಿಟ್ಟು ಹೋಗುತ್ತಾರೆಯೇ? ನನಗೆ ಆಗಲೇ ಸಿಟ್ಟು ಬಂದಿತ್ತು. ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು, ತಾಯಿ ಮಗು ಗಟ್ಟಿ. ಅದನ್ನು ನೆನೆದು ಸುಮ್ಮನಾದೆ.

ಸಿಲೋನಿನ ಕತೆಯನ್ನೆಲ್ಲ ಅವರು ಆಮೇಲೆ ನಮ್ಮ ಜಗಲಿಯಲ್ಲಿ ಕೂತು ಎಷ್ಟೋ ಸಲ ಹೇಳಿದ್ದಾರೆ. ಎದುರಿಗೆ ಮೂರು ಇಟ್ಟಿಗೆ ಇಟ್ಟುಕೊಳ್ಳುವರು. ಎಡಗಡೆಯದು ಕ್ಲಚ್ಚು, ನಡುವೆ ಬ್ರೇಕು, ಬಲಗಡೆಯದು ಓಡಿಸುವುದು. ಹಾಲು ಹಾಕದ ಟೀ ಕೇಳುವರು. ನಮ್ಮ ಮನೆಯ ಕಾಫಿ ಅವರಿಗೆ ಸಿಲೋನಿನಿಂದ ಬಂದ ಮೇಲೆ ರುಚಿಸಲೇ ಇಲ್ಲ.

ಮುದಲಾಳಿಯ ಹಳೆಯ ಡ್ರೈವರು ಸಿಂಹಳದವನು, ಒಳ್ಳೆಯ ಮನುಷ್ಯ. ತನಗೆ ಕಣ್ಣು ಮಂಜಾಗುತ್ತಿದೆ, ಇವನಿಗೆ ಕಲಿಸಿಬಿಡೋಣ ಎಂದು ಹೊರಟ. ಭಾವ ವ್ಯಾನು ಹೊರಡಿಸುವುದನ್ನು ನೋಡಿ ಅವನಿಗೆ ಬೆರಗು. ಎಡಗಾಲು ಕ್ಲಚ್ಚಿನಿಂದ ಮೇಲೆ ಬರಬೇಕು, ಅದೇ ಹೊತ್ತಿಗೆ ಬಲಗಾಲು ಕೆಳಗೆ ಹೋಗಬೇಕು. ಎಲ್ಲರೂ ತಿಣುಕುವುದು ಅಲ್ಲೇ. ಭಾವನಿಗೆ ಅದು ನೀರು ಕುಡಿದ ಹಾಗೆ. "ತಂಬಿ, ನೀನು ಮೊದಲೇ ಕಲಿತವನು, ಸುಳ್ಳು ಹೇಳ್ತಿದೀಯ" ಎಂದನಂತೆ.

ಕಷ್ಟವಿದ್ದದ್ದು ನಿಲ್ಲಿಸುವುದರಲ್ಲಿ. ನಿಲ್ಲಿಸಬೇಕಾದರೆ ಬಲಗಾಲು ಬ್ರೇಕಿನ ಮೇಲೆ, ಎಡಗಾಲು ಕ್ಲಚ್ಚಿನ ಮೇಲೆ, ಎರಡೂ ಒಟ್ಟಿಗೆ ಕೆಳಗೆ ಹೋಗಬೇಕು. ನಿಧಾನವಾಗಿ ಯೋಚಿಸಿ ನಿಲ್ಲಿಸಿದರೆ ಆಗುತ್ತಿತ್ತು. ಯಾರಾದರೂ ದಿಢೀರನೆ ಅಡ್ಡ ಬಂದರೆ ಮುಗಿಯಿತು. ಬಲಗಾಲು ಬ್ರೇಕು ಒತ್ತಿದ ಕೂಡಲೇ ಎಡಗಾಲು ತಾನಾಗಿ ಮೇಲೆ ಬಂದುಬಿಡುವುದು. ವ್ಯಾನು ಎಗರಿ, ಕೆಮ್ಮಿ, ಸತ್ತು ನಿಲ್ಲುವುದು.

ಮೊದಲ ಟೆಸ್ಟಿನಲ್ಲಿ ಪಕ್ಕದಲ್ಲಿ ಹ್ಯಾಟು ಹಾಕಿಕೊಂಡ ದೊರೆ ಕೂತಿದ್ದನಂತೆ. ಹೊರಟದ್ದನ್ನು ನೋಡಿ "ಗುಡ್" ಎಂದ. ಭಾವ ಉಬ್ಬಿಹೋದರು. ಇಳಿಜಾರಿನ ಕೆಳಗೆ ಪೊಲೀಸಿನವನು ಕೈ ಅಡ್ಡ ಹಿಡಿದ. ವ್ಯಾನು ಎಗರಿತು. ದೊರೆಯ ಹ್ಯಾಟು ಹಾರಿ ಚರಂಡಿಗೆ ಬಿತ್ತು. "ಆಮ್ಯಾಕೆ ಆ ಗುಡ್ಡು ವಾಪಸ್ ತಕಂಡ ಕಣಮ್ಮಿ" ಎನ್ನುವರು ಭಾವ.

ಮುಂದಿನ ಸಲ ಸೊಪ್ಪು ಹೊತ್ತ ಆನೆಯೊಂದು ರಸ್ತೆ ದಾಟುತ್ತಿತ್ತು. ಮತ್ತೆ ಹಾಗೇ. ಆನೆ ತಿರುಗಿ ನೋಡಿ, ಇವರ ಮೇಲೆ ಕನಿಕರಪಟ್ಟು ಹೋಯಿತಂತೆ. ಹಳೇ ಡ್ರೈವರು ಇವನಿಗೆ ಎದೆಗಾರಿಕೆ ಇಲ್ಲ ಎಂದುಕೊಂಡ. ಒಂದು ದಿನ ಟವಲು ತೆಗೆದು ಇವರ ಎಡಗಾಲನ್ನು ಕ್ಲಚ್ಚಿಗೇ ಕಟ್ಟಿಬಿಟ್ಟ. ಆಗ ನಿಲ್ಲಿಸಲು ಬಂತು, ಹೊರಡಲು ಬರಲಿಲ್ಲ.

ಪ್ರತಿ ಸಲ ತಪ್ಪಿದಾಗಲೂ ಅಲ್ಲಿಂದ ಬಂದ ಯಾರ ಕೈಯಲ್ಲೋ ಅಕ್ಕನಿಗೆ ಒಂದೇ ಮಾತು ಹೇಳಿ ಕಳಿಸುವರು: "ಇನ್ನೊಂದ್ಕಿತ ನೋಡ್ತೀನಿ." ಇಲ್ಲಿ ಮಗು ಅಂಬೆಗಾಲಿಟ್ಟಿತು, ನಡೆಯಿತು, ಅಪ್ಪ ಯಾರೆಂದು ಕೇಳುವಷ್ಟಾಯಿತು. ಅಲ್ಲಿ ಇನ್ನೊಂದ್ಕಿತ. ಅಕ್ಕ ಎಂದೂ ಬೈಯಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ನಾನೇ ಬೈದಿದ್ದೇನೆ.

ಕಾರಣ ಗೊತ್ತಾದದ್ದು ಅಂಗಡಿಯಲ್ಲಿ. ಭಾವ ಗಿರಾಕಿಯೊಬ್ಬರಿಗೆ ನಮ್ಮ ಊರಿನದೇ ಸೀರೆ ಬಿಡಿಸಿ ಅಂಚಿನ ಬಗ್ಗೆ ಹೇಳುತ್ತಿದ್ದರು. ಹಳೇ ಡ್ರೈವರು ಬಾಗಿಲಲ್ಲಿ ಕೂತಿದ್ದವನು ಬಗ್ಗಿ ಮೇಜಿನ ಕೆಳಗೆ ನೋಡಿದ. "ತಂಬಿ, ಏನದು ಕಾಲಲ್ಲಿ ಮಾಡ್ತಿರೋದು?" ಎಂದ. ಭಾವ ನೋಡಿಕೊಂಡರು. ಸೀರೆಯ ಮೇಲೆ ಕೈ ಆಡಿದ ಹಾಗೆ ಕೆಳಗೆ ಕಾಲು ಆಡುತ್ತಿತ್ತು. ಒಂದು ಮೇಲೆ, ಒಂದು ಕೆಳಗೆ.

"ನೇಯ್ತಾವ್ನಿ ಕಣಯ್ಯ" ಎಂದರಂತೆ ಭಾವ. ಹೇಳಿದ ಮೇಲೆ ಅವರಿಗೇ ಹೊಳೆಯಿತು. ಮಗ್ಗದಲ್ಲಿ ಎರಡು ಹಲಗೆಯನ್ನೂ ಒಟ್ಟಿಗೆ ತುಳಿಯುವುದು ಉಂಟೇ? ತುಳಿದರೆ ಹಗ್ಗ ಕೀಳುತ್ತದೆ, ಉದ್ದುದ್ದ ಕಟ್ಟಿದ ಎಳೆಗಳ ಹಾಸು ಹಾಳಾಗುತ್ತದೆ. ಚಿಕ್ಕಂದಿನಲ್ಲಿ ಹಾಗೆ ಮಾಡಿದಾಗಲೆಲ್ಲ ಅಪ್ಪನ ಕೈಯಲ್ಲಿ ಮೊಣಕಾಲಿಗೆ ಏಟು ಬಿದ್ದಿತ್ತು. ಆ ಏಟು ಕಾಲಿನಲ್ಲಿ ಉಳಿದಿತ್ತು. ಕ್ಲಚ್ಚು ಬ್ರೇಕು ಎರಡನ್ನೂ ತುಳಿ ಎಂದರೆ ಕಾಲು ಹೆದರುತ್ತಿತ್ತು.

ಅದು ತಿಳಿದ ಮೇಲೆ ಬುದ್ಧಿವಂತರು ಏನು ಮಾಡುತ್ತಾರೆ? ವ್ಯಾನಿನಲ್ಲಿ ಕೂತು ಅಭ್ಯಾಸ ಮಾಡುತ್ತಾರೆ. ನಮ್ಮ ಭಾವ ರಜ ಕೇಳಿ, ಹಡಗು ಹತ್ತಿ, ರೈಲು ಹತ್ತಿ ಊರಿಗೆ ಬಂದರು.

ಬಂದ ಸಂತೋಷಕ್ಕೆ ನಾನು ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದೆ. ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಅಡ್ಡಾಗಿದ್ದರು. ಎದುರು ಮನೆಯಿಂದ ಮರ ಮುರಿದ ಹಾಗೆ ಒಂದು ಸದ್ದು. ಓಡಿಹೋಗಿ ನೋಡಿದರೆ ಭಾವ ಗುಂಡಿಯಲ್ಲಿ ಕೂತಿದ್ದಾರೆ, ಎರಡು ಕಾಲೂ ಎರಡು ಹಲಗೆಯ ಮೇಲೆ ಕೆಳಗಿಳಿದಿವೆ. ಹಗ್ಗ ಹರಿದು ನೇತಾಡುತ್ತಿದೆ. ಯಾರದೋ ಮದುವೆಗೆ ಹಾಕಿದ್ದ ಕೆಂಪು ಹಾಸು, ಎಳೆ ಎಳೆ ಕಿತ್ತು, ಸಿಕ್ಕುಗಟ್ಟಿದ ತಲೆಗೂದಲಿನ ಹಾಗೆ ಬಿದ್ದಿದೆ. ಅವರಪ್ಪ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಾರೆ. ಭಾವನ ಮುಖ ನೋಡಬೇಕು, ಗಂಡುಮಗು ಹುಟ್ಟಿದವರ ಹಾಗೆ ಅರಳಿದೆ!

"ಬಂತು ಕಣಪ್ಪ! ಎಲ್ಡೂ ಒಟ್ಗೆ ಬಂದೊ!"

ಮುದುಕರು ಹರಿದ ಹಗ್ಗವನ್ನು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ, "ಮೂರ್ ತಲೆಮಾರ್ಗೆ ಅನ್ನ ಇಕ್ಕುದ್ ಮಗ್ಗ ಕಣ್ಲಾ. ಏಳ್ಲಾ ಮ್ಯಾಕೆ. ನಾನಿರೋಗಂಟ ಇದ್ರ ತಾವಿಕ್ ಕಾಲಿಕ್ಬೇಡ" ಎಂದರು. ಭಾವನಿಗೂ ಬೇಕಾಗಿದ್ದದ್ದು ಅದೇ. ರಜ ಮುಗಿಯುವ ತನಕ ಜಗಲಿಯಲ್ಲಿ ಇಟ್ಟಿಗೆ ತುಳಿಯುತ್ತ ಕೂತರು. ಒಳಗೆ ಅಕ್ಕನೂ ನಾನೂ ಬೂದಿ ಮುಟ್ಟಿದ ಬೆರಳಲ್ಲಿ ಎಳೆಗೆ ಎಳೆ ಹೊಸೆದು ಸೇರಿಸುತ್ತ ಕೂತೆವು. ಕಣ್ಣು ಉರಿದು ನೀರು ಬರುತ್ತಿತ್ತು. "ನಿನ್ ಗಂಡಂಗೆ ಉಚ್ಚು ಕಣಕ್ಕ" ಎಂದೆ. ಅಕ್ಕ ಎಳೆಯಿಂದ ಕಣ್ಣು ತೆಗೆಯದೆ, "ಮಾತಾಡ್ಬೇಡ, ಎಳೆ ತಪ್ತದೆ" ಎಂದಳು. ಸೀರೆ ಮದುವೆಗೆ ಮುಂಚೆ ಮುಗಿಯಿತು, ಮದುಮಗಳಿಗೆ ಗೊತ್ತಾಗಲಿಲ್ಲ. ಅದೂ ದೇವರ ದಯೆಯೇ.

ವಾಪಸು ಹೋದವರು ಮುಂದಿನ ಟೆಸ್ಟಿನಲ್ಲಿ ಗೆದ್ದರು. ಅದೇ ಇಳಿಜಾರು, ಅದೇ ದೊರೆ. ಸುದ್ದಿ ಬಂದ ದಿನ ಅಕ್ಕ ಮಾದಪ್ಪನಿಗೆ ತುಪ್ಪದ ದೀಪ ಹಚ್ಚಿದಳು. ಆಮೇಲೆ ಭಾವ ಮುದಲಾಳಿಯ ವ್ಯಾನು ಓಡಿಸಿಕೊಂಡು ಟೀ ತೋಟಗಳನ್ನೆಲ್ಲ ಸುತ್ತಿದರು. ಬೆಟ್ಟ ಕಂಡರೆ ನಮ್ಮ ಬಿಳಿಗಿರಿರಂಗನ ಬೆಟ್ಟದ ನೆನಪು ಬರುತ್ತಿತ್ತಂತೆ. ಅವರ ಬದುಕಿನಲ್ಲಿ ಅಂದುಕೊಂಡ ಹಾಗೆ ನಡೆದದ್ದು ಆ ಕಾಲವೊಂದೇ. ಅದನ್ನು ಅವರು ಹೆಚ್ಚು ಹೇಳುತ್ತಿರಲಿಲ್ಲ.

ಯುದ್ಧ ಬಂತು, ಸಿಲೋನಿನ ಮೇಲೆ ಬಾಂಬು ಬಿತ್ತು, ಮುದಲಾಳಿ ಅಂಗಡಿ ಮುಚ್ಚಿ ಇವರನ್ನು ಊರಿಗೆ ಕಳಿಸಿದ. ಜೀವಸಹಿತ ಬಂದರಲ್ಲ, ಸಾಕು ಎಂದುಕೊಂಡೆವು. ಮೇಣದ ಬಟ್ಟೆಯಲ್ಲಿ ಸುತ್ತಿದ ಲೈಸೆನ್ಸನ್ನು ದೇವರ ಗೂಡಿನಲ್ಲಿಟ್ಟು ನಮಸ್ಕಾರ ಮಾಡಿದರು. ಆದರೆ ನಮ್ಮ ಕಚೇರಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಇಲ್ಲಿ ನಡೆಯುವುದಿಲ್ಲ, ಮದರಾಸು ಸರ್ಕಾರದ್ದೇ ಬೇಕು, ಹೊಸದಾಗಿ ಟೆಸ್ಟ್ ಕೊಡಬೇಕು ಎಂದರು. ಆಗ ಪೆಟ್ರೋಲಿಲ್ಲ; ಇದ್ದ ಒಂದೆರಡು ಬಸ್ಸು ಇದ್ದಿಲು ಹೊಗೆಯಲ್ಲಿ ಓಡುತ್ತಿದ್ದವು. ಟೆಸ್ಟ್ ಎಲ್ಲಿಂದ ಬರಬೇಕು?

ಹನೂರಿನ ಬಸ್ಸಿನ ಯಜಮಾನರು ಒಳ್ಳೆಯವರು. ಮನೆಗೇ ಬಂದು ಕರೆದರು. "ಲೈಸೆನ್ಸ್ ಯಾವನ್ ಕೇಳಾನು ಬನ್ನಿ ಡ್ರೈವರ್ರೆ. ಇಲ್ಲಿಂದ ಅನೂರ್ಗೆ ರಸ್ತೆ ನೇರ್ವಾಗದೆ. ಈಗ ಓಡುಸ್ತಾ ಇರೋನ್ಗೂ ಇಲ್ಲ."

ಭಾವ ತಲೆಯಾಡಿಸಿದರು. "ಪರದೇಸ್ದಲ್ಲೇ ನಾನು ಕದ್ದು ಓಡುಸ್ನಿಲ್ಲ ಸಾ. ನಮ್ಮೂರಲ್ಲಿ ಕದ್ದು ಓಡುಸ್ನಾ?"

ನನಗೆ ಕೈಲಿದ್ದ ಟೀ ಲೋಟವನ್ನು ಅವರ ಮುಂದೆ ಕುಕ್ಕಬೇಕೆನಿಸಿತು. ಮಗಳು ಬೆಳೆಯುತ್ತಿದ್ದಾಳೆ, ಅವರಪ್ಪನಿಗೆ ಉಬ್ಬಸ, ಮಗ್ಗ ನಿಂತಿದೆ. ಕೆಲಸ ಬಾಗಿಲಿಗೆ ಬಂದಿದೆ. ಇವರಿಗೆ ಕಾಗದ ಬೇಕು! ಬಸ್ಸಿನ ಯಜಮಾನರು ಎದ್ದು ಹೋದ ಮೇಲೆ, "ಭಾವ, ನಿಮ್ ಲೈಸೆನ್ಸ್ ಉಪ್ಸಾರ್ಗಾಕಿ ಕುದುಸ್ಲಾ?" ಎಂದು ಕೇಳಿಯೇಬಿಟ್ಟೆ. ಅವರು ಟೀ ಊದಿಕೊಂಡು ಕುಡಿದು, "ಖಾರ ಕಮ್ಮಿ ಆಕು" ಎಂದರು.

ಮುದುಕರು ತೀರಿಕೊಂಡ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಭಾವ ಗುಂಡಿಗೆ ಇಳಿದರು. ಆ ಮಗ್ಗದ ಸದ್ದು ಮತ್ತೆ ಬೀದಿಗೆ ಕೇಳಿಸಿದಾಗ ನಾವೆಲ್ಲ ಸಂತೋಷಪಟ್ಟೆವು. ಭಾವನ ಕಾಲಿಗೆ ಏನಾಗುತ್ತಿದೆ ಎಂದು ಯಾರೂ ಯೋಚಿಸಲಿಲ್ಲ.

ಯುದ್ಧ ಮುಗಿದ ಮೇಲೆ ಬ್ರೇಕ್ ಇನ್ಸ್‌ಪೆಕ್ಟರು ಬಂದರು. ಪ್ರವಾಸಿ ಬಂಗಲೆಯ ಮುಂದೆ ಹನೂರಿನವರ ಬಸ್ಸು ತಂದು ನಿಲ್ಲಿಸಿದರು. ನಮ್ಮ ಬೀದಿಯವರೆಲ್ಲ ಮಗ್ಗ ಬಿಟ್ಟು ನೋಡಲು ಹೋದರು. ನಾನೂ ಅಕ್ಕನೂ ಹೆಂಗಸರ ಗುಂಪಿನಲ್ಲಿ ನಿಂತಿದ್ದೆವು. ಭಾವ ಇಸ್ತ್ರಿ ಮಾಡಿದ ಷರಟು ಹಾಕಿದ್ದರು. ಬಸ್ಸು ಹೊರಟಿತು ನೋಡಿ, ತೊಟ್ಟಿಲು ತೂಗಿದ ಹಾಗೆ. ಇನ್ಸ್‌ಪೆಕ್ಟರು ತಲೆದೂಗಿದ್ದು ನಮಗೂ ಕಾಣಿಸಿತು. ಯಳಂದೂರು ರಸ್ತೆಗೆ ತಿರುಗುವ ಕಡೆ ಹುಲ್ಲಿನ ಗಾಡಿಯೊಂದು ಅಡ್ಡ ಬಂತು. ಬಸ್ಸು ಎಗರಿತು, ಕೆಮ್ಮಿತು, ಸತ್ತಿತು.

ಆಮೇಲೆ ಗಂಡಸರ ಗುಂಪಿನಿಂದ ಯಾರೋ ಕೂಗಿದರು: "ಸೀರೆ ಎಷ್ಟ್ ಮೊಳ ಆಯ್ತು ಡ್ರೈವರ್ರೆ?"

ನಕ್ಕವರೆಲ್ಲ ನಮ್ಮವರೇ. ಅವರಿಗೆ ತಾನೆ ಆ ತಮಾಷೆ ಅರ್ಥವಾಗುವುದು? ನಾನು ಅವತ್ತು ಅವರಿಗೆಲ್ಲ ಹಾಕಿದ ಶಾಪವನ್ನು ದೇವರು ನಡೆಸಿಕೊಡಲಿಲ್ಲ. ಒಳ್ಳೆಯದೇ ಆಯಿತು, ಅದರಲ್ಲಿ ನನ್ನ ಯಜಮಾನರೂ ಇದ್ದರು.

ಸಂಜೆ ಭಾವ ಜಗಲಿಯ ಮೇಲೆ ಕೂತು ತಮ್ಮ ಕಾಲನ್ನೇ ನೋಡಿಕೊಳ್ಳುತ್ತಿದ್ದರು. "ಮಗ್ಗ ಬುಟ್ರೆ ಮೋಟ್ರು ಬತ್ತದೆ. ಮೋಟ್ರು ಬರೋಗಂಟ ಉಣ್ಣೋದೇನ?" ಎಂದರು. ಯಾರನ್ನು ಕೇಳಿದರೋ ಗೊತ್ತಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬೆಳಗಾಗೆದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಂಡಿಗೆ ಇಳಿದಳು.

ನಮ್ಮಲ್ಲಿ ಹೆಂಗಸರು ನೂಲು ಬೇಯಿಸುತ್ತೇವೆ, ಸುತ್ತುತ್ತೇವೆ, ಹಾಸು ಹೊಸೆಯುತ್ತೇವೆ. ಗುಂಡಿಗೆ ಇಳಿಯುವುದು ಮಾತ್ರ ಇಲ್ಲ. ಯಾಕೆಂದು ಯಾರಿಗೂ ಗೊತ್ತಿಲ್ಲ. ಇಲ್ಲ ಎಂದರೆ ಇಲ್ಲ. ನಮ್ಮ ಬೀದಿಯ ಕಟ್ಟುಪಾಡು ನೋಡಿಕೊಳ್ಳುವ ಯಜಮಾನರು ಹೆಗಲ ಮೇಲೆ ಟವಲು ಹಾಕಿಕೊಂಡು ಬಂದೇಬಿಟ್ಟರು. "ಏನ್ ತಾಯಿ ಇದು? ಗಂಡ್ಸಿದ್ದ ಮನೇಲಿ?"

"ಅವರ ಕಾಲ್ಗೆ ಮಗ್ಗ ಮರ್ತೋಗ್ಬೇಕಂತೆ ಮಾವ. ಟೆಸ್ಟ್ ಆಗೋಗಂಟ ಅಷ್ಟೆಯ" ಎಂದಳು ಅಕ್ಕ, ಕತ್ತು ಬಗ್ಗಿಸಿಕೊಂಡೇ.

ಯಜಮಾನರು ಭಾವನ ಕಡೆ ನೋಡಿದರು. ಭಾವ ಒಲೆಯ ಮುಂದೆ ಕೂತು ಮುದ್ದೆಗೆ ಎಸರಿಟ್ಟು ಊದುತ್ತಿದ್ದರು. ಆ ದೃಶ್ಯ ನೋಡಿ ಅವರಿಗೆ ಏನೆನ್ನಿಸಿತೋ, "ಆಯ್ತು, ಟೆಸ್ಟ್ ಆಗೋಗಂಟ" ಎಂದು ಹೊರಟುಹೋದರು.

ಹೀಗೆ ನಮ್ಮ ಭಾವ ಅಡಿಗೆಮನೆ ಸೇರಿದರು. ರಾಗಿ ಬೀಸಿದರು, ಸೊಪ್ಪು ಸೋಸಿದರು. ಅಕ್ಕನಿಗೆ ನೇಯ್ಗೆ ಹೇಳಿಕೊಟ್ಟದ್ದೂ ಅವರೇ. ಗುಂಡಿಯಿಂದ ದೂರದಲ್ಲಿ, ಮಣೆಯ ಮೇಲೆ ಕಾಲು ಮಡಚಿ ಅದರ ಮೇಲೇ ಕೂತು, ಕಾಲು ಆಡದ ಹಾಗೆ. ಅಕ್ಕನ ಅಂಚು ಮೊದಮೊದಲು ಸೊಟ್ಟಗೆ ಬರುತ್ತಿತ್ತು. ಆಮೇಲೆ ಬರಬರುತ್ತ ಸಾವುಕಾರರು ಅವಳ ಕೈಯ ಸೀರೆಯನ್ನೇ ಕೇಳಿ ತೆಗೆದಿಡುವ ಹಾಗಾಯಿತು. ದೇವರು ಒಂದು ಕೈಯಲ್ಲಿ ಕಿತ್ತುಕೊಂಡರೂ ಇನ್ನೊಂದು ಕೈಯಲ್ಲಿ ಇಷ್ಟು ಇಟ್ಟ.

ಟೆಸ್ಟ್ ಮಾತ್ರ ಆಗಲಿಲ್ಲ. ಇನ್ಸ್‌ಪೆಕ್ಟರು ಬರುತ್ತೇನೆ ಎಂದ ದಿನ ಕೊಯಮತ್ತೂರು ದಾರಿಯ ದಿಂಬಂ ಘಾಟಿಯಲ್ಲಿ ಮರ ಬಿತ್ತು. ಇನ್ನೊಮ್ಮೆ ಬಂದರು, ಆ ದಿನ ಬಸ್ಸು ಕೆಟ್ಟಿತ್ತು. ಮತ್ತೊಮ್ಮೆ ಆ ಇನ್ಸ್‌ಪೆಕ್ಟರಿಗೆ ಬೇರೆ ಊರಿಗೆ ವರ್ಗವಾಗಿ, ಹೊಸಬರು ಮೊದಲಿನಿಂದ ಅರ್ಜಿ ಹಾಕಿ ಎಂದರು. ಅಕ್ಕನ ಮಗಳನ್ನು ಹೊನ್ನೂರಿಗೆ ಕೊಟ್ಟಿದ್ದೆವು. ಆ ಬೀಗರು, ಯಳಂದೂರಿನಲ್ಲಿ ಅಕ್ಕಿ ಗಿರಣಿಯವರ ಲಾರಿ ಇದೆ, ಬನ್ನಿ ಎಂದರು. ಅದು ಮೈಸೂರು ಸೀಮೆ, ಅಲ್ಲಿ ಮೈಸೂರು ಸರ್ಕಾರದ ಲೈಸೆನ್ಸೇ ಬೇಕಂತೆ! ಎತ್ತಿನ ಗಾಡಿಯಲ್ಲಿ ಒಂದು ಹೊತ್ತಿನ ದಾರಿ. ಬಿಳಿಗಿರಿರಂಗ ಇಲ್ಲಿಗೂ ಕಾಣುತ್ತಾನೆ, ಅಲ್ಲಿಗೂ ಕಾಣುತ್ತಾನೆ. ಲೈಸೆನ್ಸು ಮಾತ್ರ ಬೇರೆ. ಅವತ್ತು ನಿಂತಿದ್ದ ಆ ಲಾರಿಯಲ್ಲಿ ಭಾವ ಸುಮ್ಮನೆ ಸ್ವಲ್ಪ ಹೊತ್ತು ಕೂತಿದ್ದು, ಗಾಜು ಒರೆಸಿ, ಇಳಿದು ಬಂದರಂತೆ.

"ಬುಟ್ಬುಡಿ ಭಾವ, ಸಾಕು" ಎಂದು ನಾನು ಎಷ್ಟೋ ಸಲ ಹೇಳಿದೆ.

"ಕಾಲು ಮಗ್ಗ ಬುಡ್ತಾ ಅದೆ ಕಣಮ್ಮಿ. ಕಾಲ್ ಬುಡೋ ಒತ್ನಲ್ಲಿ ನಾನ್ ಬುಡ್ಲಾ?" ಎನ್ನುವರು.

ಕಡೆಗೆ ಈ ಸೋಮವಾರ ಎಂದು ಗೊತ್ತಾಯಿತು. ಹನೂರಿನ ಯಜಮಾನರು ತಮ್ಮ ಬಯಲಿನಲ್ಲಿ ಬಸ್ಸು ನಿಲ್ಲಿಸಿ, ಬಂದು ಕೈ ಪಳಗಿಸಿಕೊಳ್ಳಿ ಎಂದರು. ಸ್ವಂತ ಬಯಲು ತಾನೆ, ಅಲ್ಲಿ ಕದ್ದಂತಾಗುವುದಿಲ್ಲ ಎಂದು ಭಾವ ಒಪ್ಪಿದರು. ಕೈಚೀಲದಲ್ಲಿ ಇಸ್ತ್ರಿ ಷರಟು ಇಟ್ಟುಕೊಂಡು ಹೋದವರು ಮತ್ತೆ ಬಂದದ್ದು ಬಸ್ಸಿನ ನಡುವೆ ಚಾಪೆಯ ಮೇಲೆ.

ಕಂಡಕ್ಟರು ಹೇಳಿದ್ದನ್ನು ನಾನೇ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಲಾಳಿಯನ್ನು ಬದಿಗಿಟ್ಟು, ಗುಂಡಿಯಿಂದ ಎದ್ದು, "ಉಂಡಿದ್ರಂತಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಹನೂರಿನ ಯಜಮಾನರು ಮಣ್ಣಿಗೆ ಬಂದಿದ್ದರು. ಹೆಂಗಸರ ಕಡೆ ಬಂದು ಅಕ್ಕನ ಮುಂದೆ ಕೈಮುಗಿದು ನಿಂತರು. "ಬಯ್ಲಲ್ಲಿ ನಾನೇ ಅಡ್ಡ ನಿಂತ್ಕಂಡೆ ಕಣವ್ವ. ಹೇಳ್ದೆ ಕೇಳ್ದೆ ಮುಂದಕ್ ನುಗ್ದೆ. ದಿನಾ ನುಗ್ದೆ. ಊವ ಇಳ್ಸ್ದಂಗೆ ಬಸ್ ನಿಲ್ಸುದ್ರು. ಸೋಮವಾರ ಸಿಕ್ಕೇ ಸಿಕ್ತಿತ್ತು" ಎಂದರು. ಸಮಾಧಾನಕ್ಕೆ ಹೇಳಿದರೋ ನಿಜವೋ. ನಿಜವಾಗಿದ್ದರೆ ಹೊಟ್ಟೆ ಇನ್ನೂ ಉರಿಯುತ್ತದೆ. ಇಷ್ಟು ವರ್ಷ ಆಡಿಸಿದ ದೇವರಿಗೆ ಆ ಒಂದು ವಾರ ಭಾರವಾಯಿತೇ ಎಂದು ಪೂಜೆಗೆ ಕೂತಾಗ ಇವತ್ತಿಗೂ ಕೇಳುತ್ತೇನೆ. ಕೇಳಿ, ಹೂವು ಹಾಕಿ ಏಳುತ್ತೇನೆ. ಬೇರೆ ಯಾರನ್ನು ಕೇಳಲಿ?

ಕರ್ಮಗಳೆಲ್ಲ ಮುಗಿದ ಮಾರನೆಯ ದಿನ ಅಕ್ಕ ಮತ್ತೆ ಗುಂಡಿಯಲ್ಲಿದ್ದಳು. ನಾನು ಅವಳ ಮನೆಯ ಹಜಾರ ಸಾರಿಸುತ್ತಿದ್ದೆ. ಬೀದಿಯ ಯಜಮಾನರು ಬಂದರು. ಕೆಟ್ಟ ಮನುಷ್ಯರಲ್ಲ; ದನಿ ಮೆತ್ತಗೇ ಇತ್ತು.

"ಇನ್ ಏಳು ತಾಯಿ ಮ್ಯಾಕೆ. ಮಗಳ ಮನೆಗೋಗಿ ಇರು. ಅವ್ನ್ಗೋಸ್ಕರ ಅಂತ ನಾವೂ ಸುಮ್ನಿದ್ದೊ. ಇನ್ಯಾಕೆ?"

ಅಕ್ಕ ಕಾಲು ನಿಲ್ಲಿಸಲಿಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಬಂತು. ಅದನ್ನು ಹಿಡಿದುಕೊಂಡು ತಲೆಯೆತ್ತಿದಳು. ಅವಳು ಯಜಮಾನರನ್ನು ನೇರವಾಗಿ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಟೆಸ್ಟ್ ಆಗೋಗಂಟ ಅಂತ ತಾನೆ ಮಾವ ನೀವು ಒಪ್ಕಂಡಿದ್ದು?"

"ಊ ಕಣವ್ವ."

"ಆಗ್ನಿಲ್ವಲ್ಲ."

ಯಜಮಾನರು ನನ್ನ ಕಡೆ ನೋಡಿದರು. ನಾನು ಸಗಣಿ ಕೈಯಲ್ಲೇ ಸೆರಗು ಸರಿಮಾಡಿಕೊಂಡು ನೆಲ ನೋಡಿದೆ. ಅವರು ಟವಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರು.

ಮಗ್ಗ ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅಕ್ಕ ಒಳಗಿನಿಂದ, "ನೂಲ್ ಮುಗೀತಾ ಬಂತು, ಕೈ ತೊಳ್ಕಂಡು ಬಾರಮ್ಮಿ" ಎಂದು ಕೂಗಿದಳು. ಮಿಕ್ಕ ಮೂಲೆಯನ್ನು ಸಾರಿಸಿ ಮುಗಿಸಿ, ಕೈ ತೊಳೆದು, ರಾಟೆ ಎಳೆದುಕೊಂಡು ಅವಳ ಲಾಳಿಗೆ ನೂಲು ಸುತ್ತಲು ಕೂತೆ.